ಬುಡ್ಡಿದೀಪದ ಚೆಂದ ಯಾರಿಗೆ?

ಕನ್ನಡದ ಪ್ರಬಂಧಕ್ಕೆ ತೋಟದ ಮನೆ ಬಂದರೆ ಜೊತೆಗೊಂದು ಬುಡ್ಡಿದೀಪವೂ ಬರುತ್ತದೆ. ಜೀರುಂಡೆ ಸದ್ದು, ಚಿಮಣಿಯ ಮಸಿ, ಅಜ್ಜಿಯ ಕತೆ. ಬರೆಯುವವರು ಹೆಚ್ಚಾಗಿ ಆ ಮನೆ ಬಿಟ್ಟು ಬಂದವರು. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿಕೊಂಡು ಕತ್ತಲನ್ನು ನೆನೆಯುತ್ತಾರೆ. ನನ್ನ ತಕರಾರು ಇಷ್ಟೆ: ಆ ಕತ್ತಲು ಕಳೆದುಹೋದ ಕಾಲದ್ದಲ್ಲ. ಇವತ್ತಿನದು, ಅದೂ ನಿಯಮ ಬರೆದು ಉಳಿಸಿಕೊಂಡದ್ದು.

2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ಕರೆಂಟು ಬಂದಾಗ ದೇಶದ ಹಳ್ಳಿಗಳೆಲ್ಲ ಬೆಳಗಿದವು ಎಂದು ಘೋಷಣೆಯಾಯಿತು. ಆ ಲೆಕ್ಕದಲ್ಲಿ ಊರಿಗೊಂದು ಟ್ರಾನ್ಸ್‌ಫಾರ್ಮರು, ಲೈನು, ಶಾಲೆ ಪಂಚಾಯಿತಿಗಳಲ್ಲಿ ದೀಪ, ನೂರಕ್ಕೆ 10 ಮನೆಗೆ ಸಂಪರ್ಕ ಇದ್ದರೆ ಸಾಕಿತ್ತು. ಊರ ಹೊರಗಿನ ಮನೆಯನ್ನು ಮರೆಯುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಬೇಕೆ?

ನಮ್ಮ ರಾಜ್ಯದ ನಿರಂತರ ಜ್ಯೋತಿ ಯೋಜನೆ ಊರಿನ ಲೈನನ್ನೂ ಪಂಪ್‌ಸೆಟ್ಟಿನ ಲೈನನ್ನೂ ಬೇರ್ಪಡಿಸಿತು. ಊರಿಗೆ ದಿನವಿಡೀ ಕರೆಂಟು, ಪಂಪಿಗೆ 7 ಗಂಟೆ ತ್ರೀಫೇಸ್. ಒಳ್ಳೆಯದೇ. ಆದರೆ ಹೊಲ-ತೋಟದಲ್ಲಿ ಮನೆ ಕಟ್ಟಿಕೊಂಡವರು ಪಂಪಿನ ಲೈನಿಗೆ ಬಿದ್ದರು. ಮೋಟಾರಿಗೆ ಕರೆಂಟಿಲ್ಲದ ಹೊತ್ತು ಮಗುವಿಗೂ ಓದಿಲ್ಲ. ರಾತ್ರಿ ಸಿಂಗಲ್ ಫೇಸ್ ಬಿಟ್ಟರೆ ಉಂಟು. ಅದರಲ್ಲೇ ಕೆಪಾಸಿಟರ್ ಹಾಕಿ ಮೋಟಾರು ಓಡಿಸುತ್ತಾರೆಂದು ಅದನ್ನೂ ತೆಗೆಯುವುದುಂಟು.

ಆಗ ಜನ ಊರ ಕೊನೆಯ ಮನೆಯಿಂದ ವೈರು ಎಳೆಯುತ್ತಾರೆ, ಬೇಲಿಯ ಗೂಟಕ್ಕೆ, ತೆಂಗಿನ ಮರಕ್ಕೆ ಸುತ್ತಿ, ಕೊಟ್ಟಿಗೆಯ ತನಕ. ಭೌತಶಾಸ್ತ್ರಕ್ಕೂ ಇವರ ಮೇಲೆ ದಯೆಯಿಲ್ಲ. ಮನೆಯೊಳಗೆ ಬಲ್ಬಿಗೆ ಹಾಕುವ 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 150 ಮೀಟರ್ ಎಳೆದು 6 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 22 ವೋಲ್ಟ್ ಕಳೆದುಹೋಗುತ್ತದೆ. ಮೋಟಾರು ಶುರುವಾಗುವಾಗ ಎಳೆಯುವುದು ಇದರ ಹಲವು ಪಟ್ಟು. ಹಾಗಾಗಿ ಮೇವು ಕತ್ತರಿಸುವ ಯಂತ್ರ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ದಪ್ಪ ಕೇಬಲ್ಲಿಗೆ ದುಡ್ಡು ಬೇಕು. ಅರ್ತಿಂಗ್ ಮಾತಂತೂ ದೂರ. ಮಳೆಗಾಲದ ಒದ್ದೆ ಕೊಟ್ಟಿಗೆಯಲ್ಲಿ ಷಾಕ್ ಹೊಡೆದರೆ ಕಟ್ಟಿಹಾಕಿದ ದನಕ್ಕೆ ಓಡಲೂ ಆಗದು. ದನ ಹೋದ ಮೇಲೆ ‘ಅಕ್ರಮ ಸಂಪರ್ಕ’ ಎಂದು ಬರೆದುಕೊಂಡರೆ ಕಡತ ಮುಗಿಯಿತು.

ಊರೊಳಗೇ ಮನೆ ಕಟ್ಟಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಊರೊಳಗೆ ಮನೆಯಿದ್ದವರೇ ಕೇಳುವ ಪ್ರಶ್ನೆ ಇದು. ಅಣ್ಣತಮ್ಮಂದಿರ ಪಾಲಾದಾಗ ಬರೀ ಹೊಲ ಬಂದವನು, ಊರೊಳಗೆ ನಿವೇಶನ ಕೇಳಿದರೆ ಜಾತಿ ಕೇಳಿಸಿಕೊಳ್ಳುವವನು ಎಲ್ಲಿ ಕಟ್ಟಬೇಕು?

ಖಜಾನೆ ಖಾಲಿ ಎಂಬ ಮಾತನ್ನೂ ಒಪ್ಪಲಾರೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. 2023ರಿಂದ ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್‌ವರೆಗೂ ಉಚಿತ. ಎರಡನ್ನೂ ನಾನು ಬೆಂಬಲಿಸುತ್ತೇನೆ. ಕರೆಂಟೇ ಬಾರದ ಹೊತ್ತಿನಲ್ಲಿ ಉಚಿತ ಯೂನಿಟ್ಟನ್ನು ಹೊತ್ತಿಸುವುದು ಹೇಗೆ ಎಂದಷ್ಟೇ ಕೇಳುತ್ತಿದ್ದೇನೆ. ತೋಟದ ಮನೆಗಳಿಗೆ ಪಂಪಿನ ಹಂಗಿಲ್ಲದ ಸಿಂಗಲ್ ಫೇಸ್ ಲೈನು, ಮನೆಗೊಂದು ಮೀಟರು, ಸರಿಯಾದ ಅರ್ತಿಂಗ್ ಬೇಕು. ಇದೇನು ರಾಕೆಟ್ ಹಾರಿಸುವ ಕೆಲಸವಲ್ಲ.

ಬುಡ್ಡಿದೀಪದ ಪ್ರಬಂಧ ಬರೆಯುವ ಹಿರಿಯರು ಒಮ್ಮೆ ರಾತ್ರಿ ಎರಡಕ್ಕೆ ತ್ರೀಫೇಸ್ ಬಂದಾಗ ಪಂಪ್‌ಹೌಸಿನ ತನಕ ನಡೆದು ಹೋಗಿಬರಲಿ. ಟಾರ್ಚು ತರಲಿ, ಬದುವಿನ ಮೇಲೆ ಹಾವಿರುತ್ತದೆ.