ಕೈಬಿಟ್ಟವರು ಯಾರು?

ಕೂಲಿ ಮಾಡುವವರ ಮನೆಯ ಕೂಸಿಗೆ ಕ್ಯಾನ್ಸರ್ ಬಂದು, ಆರು ತಿಂಗಳು ಔಷಧಿ ಕೊಡಿಸಿ, ಏಳನೇ ತಿಂಗಳು ಮನೆಯವರು ಆಸ್ಪತ್ರೆಗೆ ಬರದೆ ಹೋದರೆ ಅವರಿಗೊಂದು ಹೆಸರಿದೆ: ‘ಚಿಕಿತ್ಸೆ ಕೈಬಿಟ್ಟವರು’. ಈ ಹೆಸರಿಗೆ ನಮ್ಮ ಧಿಕ್ಕಾರವಿದೆ. ಹೆತ್ತ ಕೂಸನ್ನು ಸುಮ್ಮನೆ ಕೈಬಿಡೋ ಅವ್ವನನ್ನು ಯಾವ ಕೇರಿಯಲ್ಲಿ ಕಂಡಿರಿ ಸ್ವಾಮಿ?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಪೂರ್ತಿ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳು ವಾಸಿಯಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವಂತೆ, ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಗುಣವಾಗುತ್ತವೆ. ಎಷ್ಟೋ ಬಡ ದೇಶಗಳಲ್ಲಿ 30 ಕೂಡ ಇಲ್ಲ. ಆದರೂ ನಮ್ಮವ್ವಂದಿರಿಗೆ ‘ಹಿಂದಿನ ಜನ್ಮದ ಕರ್ಮ’ ಅಂತಾರೆ. ಕರ್ಮಕ್ಕೂ ಪಾಸ್‌ಪೋರ್ಟ್ ಇದೆಯೇನು?

‘ಚಿಕಿತ್ಸೆ ಪುಕ್ಕಟೆ ಅಲ್ಲವಾ?’ ಅನ್ನುತ್ತೀರಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುತ್ತದೆ. ಬೇಡ ಅನ್ನುವವರು ನಾವಲ್ಲ. ಆದರೆ ಆ ಕಾರ್ಡು ಔಷಧಿಯ ದುಡ್ಡು ಕೊಡುತ್ತೆ, ಕಳೆದ ಕೂಲಿ ಕೊಡಲ್ಲ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು, ಎರಡೂವರೆ ವರ್ಷ. ರಾಯಚೂರಿನ ಹಳ್ಳಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ದಾರಿ. 2023ರ ಶಕ್ತಿ ಯೋಜನೆಯಿಂದ ಅವ್ವನ ಬಸ್ ಚಾರ್ಜು ಉಳಿಯಿತು. ಅಪ್ಪನದ್ದು ಉಳಿಯಲಿಲ್ಲ, ಇಬ್ಬರ ಕೂಲಿಯೂ ಉಳಿಯಲಿಲ್ಲ.

ಅವ್ವ ಆಸ್ಪತ್ರೆಯಲ್ಲಿ. ತನ್ನ ಹಾಲಲ್ಲೇ ದೋಷವಿತ್ತೇನೋ ಅಂತ ಕೊರಗು. ಅಪ್ಪ ಊರಲ್ಲಿ, ಸಾಲದವನ ಬಾಗಿಲಲ್ಲಿ. ಅವನು ಮಾತೇ ಬಿಟ್ಟಿದ್ದಾನೆ. ಅಜ್ಜಿಯ ಹತ್ತಿರ ಉಳಿದ ತಂಗಿ, ‘ನಂಗೂ ಜ್ವರ ಬರ್ಲಿ, ಅವ್ವ ಬತ್ತಾಳೆ’ ಅಂತಾಳೆ. ತಿಳಿದವರು ಇದಕ್ಕೆ ‘ಮಾನಸಿಕ ಒತ್ತಡ’ ಅಂತ ಹೆಸರಿಟ್ಟು, ‘ಧೈರ್ಯ ತಗೊಳ್ಳಿ’ ಅಂತಾರೆ. ಧೈರ್ಯ ಯಾವ ಸೊಸೈಟಿ ಅಂಗಡೀಲಿ ಕೊಡ್ತಾರೆ? ಈ ದುಃಖದ ಅರ್ಧ ಪಾಲು ರೋಗದ್ದು; ಇನ್ನರ್ಧ, ಇವರನ್ನು ಒಂಟಿ ಮಾಡಿದ ವ್ಯವಸ್ಥೆಯದ್ದು.

ನಮ್ಮವರಿಗೂ ಒಂದು ಮಾತು. ಕೂದಲು ಉದುರಿದ ಕೂಸನ್ನು ಕಂಡು ನೆರೆಯವರು ದೂರ ಸರಿಯುತ್ತಾರೆ. ಕ್ಯಾನ್ಸರ್ ಅಂಟುರೋಗವಲ್ಲ. ಕೂಸಿಗೆ ಸೋಂಕು ತಗುಲದಂತೆ ಕಾಯುವುದು ಬೇರೆ, ಕೂಸನ್ನೇ ಸೋಂಕು ಅನ್ನುವುದು ಬೇರೆ. ತಲೆತಲಾಂತರದಿಂದ ‘ದೂರ ನಿಲ್ಲು’ ಅನ್ನಿಸಿಕೊಂಡವರು ನಾವು. ಆ ಮಾತು ನಮ್ಮ ಬಾಯಲ್ಲಿ ಬರಬಾರದು.

ಮಗುವಿನ ಜೊತೆ ನಿಂತವರಿಗೆ ದಿನಗೂಲಿ ಕೊಡಿ. ಆಸ್ಪತ್ರೆಯ ಪಕ್ಕದಲ್ಲೇ ತಂಗಲು ಸೂರು, ಊಟ ಕೊಡಿ. ಸಾಧ್ಯವಿರುವಷ್ಟು ಔಷಧಿ, ರಕ್ತಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ಸಿಗಲಿ. ಇದು ಭಿಕ್ಷೆಯಲ್ಲ, ಹಕ್ಕು.

ಮೇಷ್ಟ್ರೇ, ಹಾಜರಿ ಪುಸ್ತಕದಲ್ಲಿ ಆ ಕೂಸಿನ ಹೆಸರು ಹೊಡೆಯಬೇಡಿ. ಸಂಘದ ಗೆಳೆಯರೇ, ಏಳನೇ ತಿಂಗಳು ಯಾರು ಬಸ್ಸು ಹತ್ತಲಿಲ್ಲವೋ ಅವರ ಮನೆಗೆ ಮೊದಲು ಹೋಗಿ. ಯಾಕೆ ಬರಲಿಲ್ಲ ಅಂತ ಗದರಿಸಬೇಡಿ. ಏನು ಬೇಕು ಅಂತ ಕೇಳಿ.