ಅಟ್ಟದ ಮೇಲಿನ ಕ್ಯಾಸೆಟ್ ಯಾರ ಆಸ್ತಿ?

ಮಳೆ ಹಿಡಿಯುವ ಮುಂಚೆ ಅಟ್ಟ ಗುಡಿಸುವುದು ನಮ್ಮ ಸಕಲೇಶಪುರದ ಕಡೆ ರೂಢಿ. ಹಾಗೆ ಗುಡಿಸುವಾಗ ನಮಗೊಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ತುಂಬ ಕ್ಯಾಸೆಟ್‌ಗಳು. ಸಿನಿಮಾ ಹಾಡಿನವನ್ನು ಬಿಟ್ಟರೆ ಉಳಿದವೆಲ್ಲ ಮನೆಯವರೇ ರೆಕಾರ್ಡ್ ಮಾಡಿದ ಯಕ್ಷಗಾನ. ಗದ್ದೆಬಯಲಿಗೆ ಮೇಳ ಬಂದಾಗ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ, ರಂಗಸ್ಥಳದ ಪಕ್ಕ ಇಟ್ಟು, ಬೆಳಗಾಗುವ ತನಕ ಮಗುಚಿ ಹಾಕುತ್ತ ಹಿಡಿದಿದ್ದು.

ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ಚೆನ್ನಾಗಿದ್ದ ಒಂದನ್ನು ಹಾಕಿ ಕೇಳಿದೆವು. ಭಾಗವತರ ಪದ, ಚೆಂಡೆ, ನಡುವೆ ಎಲ್ಲೋ ಮಗು ಅಳುವ ಸದ್ದು, ಯಾರೋ ಕೆಮ್ಮಿದ್ದು. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ನಲ್ಲಿ ಇದೆಲ್ಲ ಇರುವುದಿಲ್ಲ.

ಇಂಥದ್ದೇ ಪೆಟ್ಟಿಗೆಗಳನ್ನು ಅಮೆರಿಕ, ಇಂಗ್ಲೆಂಡಿನ ಹಳೇ ರಾಕ್ ಹಾಡುಗಾರರೂ ಈಗ ಬಿಚ್ಚುತ್ತಿದ್ದಾರೆ. ನಲವತ್ತು, ಐವತ್ತು ವರ್ಷದ ಹಿಂದೆ ಜನರ ಎದುರು ಹಾಡಿದ್ದನ್ನು ತಾವೇ ಹೊರತಂದು ಮಾರುತ್ತಿದ್ದಾರೆ. ಹೊಸದು ಹಾಡಲು ದನಿ ಇಲ್ಲದ್ದಕ್ಕೆ ಹಳೇ ಸರಕು ಮಾರುತ್ತಾರೆ ಎಂದು ನಗುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ.

ಮೊದಲನೆಯ ಕಾರಣ, ಕದ್ದ ಮಾಲು. ಬಾಬ್ ಡಿಲನ್ 1966ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹಾಡಿದರು. ಎಲೆಕ್ಟ್ರಿಕ್ ಗಿಟಾರ್ ಹಿಡಿದರೆಂದು ಸಿಟ್ಟಾದ ಪ್ರೇಕ್ಷಕನೊಬ್ಬ ಎದ್ದು ‘ದ್ರೋಹಿ’ ಎಂಬರ್ಥದಲ್ಲಿ ಕೂಗಿದ. ಆ ರಾತ್ರಿಯ ರೆಕಾರ್ಡಿಂಗ್ ವರ್ಷಗಟ್ಟಲೆ ಕಳ್ಳದಾರಿಯಲ್ಲಿ ಮಾರಾಟವಾಯಿತು, ಅದೂ ಲಂಡನ್ನಿನ ಬೇರೊಂದು ಸಭಾಂಗಣದ ಹೆಸರಿನಲ್ಲಿ. ಅಧಿಕೃತವಾಗಿ ಹೊರಬಂದದ್ದು 1998ರಲ್ಲಿ. ಹಾಡಿದವರೇ ತರದಿದ್ದರೆ ಬೇರೆಯವರು ತರುತ್ತಾರೆ, ಊರಿನ ಹೆಸರನ್ನೂ ತಪ್ಪು ಬರೆಯುತ್ತಾರೆ.

ಎರಡನೆಯದು ಕಾನೂನು. ರೆಕಾರ್ಡಿಂಗ್ ಮೇಲಿನ ಹಕ್ಕನ್ನು ಯುರೋಪಿನಲ್ಲಿ 70 ವರ್ಷಕ್ಕೆ ವಿಸ್ತರಿಸಿದರು. ಆದರೆ 50 ವರ್ಷದೊಳಗೆ ಬಿಡುಗಡೆ ಮಾಡದಿದ್ದರೆ ಹಕ್ಕು ಹೋಯಿತು. ಅದಕ್ಕಾಗಿಯೇ ಡಿಲನ್ ಅವರ ಕಂಪನಿ 2012ರ ಕೊನೆಯಲ್ಲಿ ಹಳೇ ರೆಕಾರ್ಡಿಂಗ್‌ಗಳ ಒಂದು ಕಟ್ಟನ್ನು ಕೇವಲ ನೂರರಷ್ಟು ಪ್ರತಿ ಮಾಡಿ ಅಲ್ಲಿನ ಅಂಗಡಿಗೆ ಬಿಟ್ಟಿತು. ಮಾರಿ ಲಾಭ ಮಾಡಲಿಕ್ಕಲ್ಲ, ಹಕ್ಕು ಉಳಿಸಿಕೊಳ್ಳಲಿಕ್ಕೆ.

ಮೂರನೆಯದು ಅಭಿಮಾನಿಗಳು. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ ತನ್ನ ಕಛೇರಿಗಳನ್ನು ಜನ ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟಿತ್ತು. 1984ರಿಂದ ಟೇಪ್ ತಂದವರಿಗೆ ಬೇರೆ ಜಾಗವನ್ನೇ ಕೊಟ್ಟಿತು. ಜನ ಟೇಪ್‌ಗಳನ್ನು ಹಂಚಿಕೊಂಡರು. 1993ರಿಂದ ತಂಡ ತನ್ನದೇ ಭಂಡಾರದಿಂದ ಹಳೇ ಕಛೇರಿಗಳನ್ನು ಸರಣಿಯಾಗಿ ತಂದಾಗ ಕೊಂಡವರೂ ಇಂಥ ಅಭಿಮಾನಿಗಳೇ.

ನಮ್ಮಲ್ಲಿ? ಕಾಳಿಂಗ ನಾವಡರನ್ನೇ ನೋಡಿ. ಸಾಲಿಗ್ರಾಮ ಮೇಳದ ಭಾಗವತರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ 32 ತುಂಬಿರಲಿಲ್ಲ. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ಇವತ್ತು ಅವರ ಪದ ಗುನುಗುತ್ತಾರೆ. ಅದು ಸಾಧ್ಯವಾದದ್ದು ಕ್ಯಾಸೆಟ್‌ನಿಂದ. ಸಿ. ಅಶ್ವತ್ಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸಿದ ‘ಕನ್ನಡವೇ ಸತ್ಯ’ವೂ ಹಾಗೇ. ಅವರು 2009ರಲ್ಲಿ ಹೋದರು, ಆ ಸಂಜೆಯ ಹಾಡುಗಳು ಈಗಲೂ ನಮ್ಮ ಮೊಬೈಲ್‌ಗಳಲ್ಲಿ ಓಡುತ್ತಿವೆ.

ಇವರಿಬ್ಬರು ಹೆಸರಾದವರು. ಹೆಸರಾಗದ ಭಾಗವತರು, ಸುಗ್ಗಿಯಲ್ಲಿ ಪದ ಹೇಳುವವರು, ಸೋಬಾನೆ ಹಾಡುವ ಅಜ್ಜಿಯರ ದನಿ ಇರುವುದು ನಮ್ಮ ನಿಮ್ಮ ಅಟ್ಟದಲ್ಲಿ ಮಾತ್ರ. ಆಲೂರು, ಸಕಲೇಶಪುರದ ಮಳೆಗಾಲದ ಥಂಡಿಗೆ ಟೇಪು ಹೆಚ್ಚು ದಿನ ತಡೆಯುವುದಿಲ್ಲ.

ಇಲ್ಲಿ ಒಂದು ಕಿರಿಕಿರಿಯ ಮಾತನ್ನೂ ಹೇಳಬೇಕು. ಹಳೇ ಕ್ಯಾಸೆಟ್ ಸಿಕ್ಕಿದ ಕೂಡಲೇ ಯೂಟ್ಯೂಬಿಗೆ ಹಾಕುವವರು ಹೆಚ್ಚಾಗಿದ್ದಾರೆ. ಹಾಡಿದವರ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಇದ್ದರೆ ಚಾನೆಲಿನವರ ಫೋನ್ ನಂಬರ್ ದಪ್ಪಕ್ಷರದಲ್ಲಿ ಇರುತ್ತದೆ. ನಾವು ಕಂಡ ಹಿರಿಯ ಕಲಾವಿದರೊಬ್ಬರು ತಮ್ಮದೇ ದನಿಯನ್ನು ಮೊಮ್ಮಗನ ಮೊಬೈಲಿನಲ್ಲಿ ಇನ್ಯಾರದೋ ಹೆಸರಲ್ಲಿ ಕೇಳಿ ಸುಮ್ಮನಾಗಿದ್ದರು. ದುಡ್ಡಿನ ಮಾತೇ ಎತ್ತಲಿಲ್ಲ. ಹೆಸರಾದರೂ ಹಾಕಬಹುದಿತ್ತು ಎಂದಷ್ಟೇ ಹೇಳಿದರು.

ಕಾನೂನು ಅವರ ಪರವಾಗಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕೊಡುವವರಿಗೇ ಒಂದು ಹಕ್ಕು ಇದೆ. ಈಗ ಅದರ ಅವಧಿ 50 ವರ್ಷ. ದೊಡ್ಡ ಗಾಯಕರಿಗೆ ಮಾತ್ರವಲ್ಲ, ನಟ, ನರ್ತಕ, ವಾದ್ಯದವರು, ದೊಂಬರಾಟದವರು, ಹಾವಾಡಿಗರನ್ನೂ ಕಾಯ್ದೆ ಹೆಸರಿಸಿದೆ. ನಮ್ಮಷ್ಟಕ್ಕೆ ಕೇಳಲು ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ. ಊರಿಗೆಲ್ಲ ಹಂಚಲು, ದುಡ್ಡು ಮಾಡಲು ಅವರ ಒಪ್ಪಿಗೆ ಬೇಕು.

ಹಾಗಂತ ಪೆಟ್ಟಿಗೆ ಮುಚ್ಚಿಡಿ ಎನ್ನುತ್ತಿಲ್ಲ. ಮುಚ್ಚಿಟ್ಟರೆ ಬೂಷ್ಟಿನ ಪಾಲು. ಕ್ಯಾಸೆಟ್‌ಗಳನ್ನು ಒಣ ಜಾಗದಲ್ಲಿಡಿ. ಬಿಳಿ ಬೂಷ್ಟು ಕಂಡದ್ದನ್ನು ಪ್ಲೇಯರಿಗೆ ಹಾಕಬೇಡಿ. ಟೇಪೂ ಹಾಳು, ಪ್ಲೇಯರಿನ ಹೆಡ್ಡಿಗೆ ಹತ್ತಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಚೆನ್ನಾಗಿರುವುದನ್ನು ಪ್ಲೇಯರಿನಿಂದ ವೈರಿನಲ್ಲಿ ಕಂಪ್ಯೂಟರಿಗೆ ಇಳಿಸಿ. ಎದುರಿಗೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿದರೆ ಫ್ಯಾನಿನ ಸದ್ದೂ ಸೇರುತ್ತದೆ. ದೊಡ್ಡ ಫೈಲನ್ನು ಹಾಗೇ ಎರಡು ಕಡೆ ಉಳಿಸಿ. ವಾಟ್ಸಾಪಿನಲ್ಲಿ ಓಡಾಡಿದ ಪ್ರತಿಯೊಂದನ್ನೇ ನಂಬಿ ಕೂರಬೇಡಿ.

ಎಲ್ಲಕ್ಕಿಂತ ಮೊದಲು ಹಿರಿಯರ ಪಕ್ಕ ಕೂತು ಕೇಳಿಸಿ, ಕೇಳಿ ಬರೆದುಕೊಳ್ಳಿ. ಯಾರ ಪದ, ಯಾರ ಮದ್ದಳೆ, ಯಾವ ಊರು, ಯಾವ ವರ್ಷ? ಆ ಹೆಸರು ಹೇಳಬಲ್ಲವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಹಾಡಿದವರು ಬದುಕಿದ್ದರೆ ಒಂದು ಪ್ರತಿ ಅವರ ಮನೆಗೆ ಕೊಟ್ಟು, ಹೊರಗೆ ಹಾಕಬಹುದಾ ಎಂದು ಕೇಳಿ. ಇಲ್ಲದಿದ್ದರೆ ಮಕ್ಕಳನ್ನು ಕೇಳಿ. ನಾಲ್ಕು ಕಾಸು ಬಂದರೆ ಪಾಲು ಕೊಡಿ.

ಡಿಲನ್ ಅವರಿಗೆ ಕಂಪನಿ ಇದೆ, ವಕೀಲರಿದ್ದಾರೆ. ನಮ್ಮ ಭಾಗವತರಿಗೆ ಇರುವುದು ಅವತ್ತು ಟೇಪ್‌ರೆಕಾರ್ಡರ್ ಹೊತ್ತು ಹೋದ ನಮ್ಮಂಥವರ ಮನೆಗಳು. ಕ್ಯಾಸೆಟ್ ನಮ್ಮದೇ ಇರಬಹುದು, ದನಿ ಅವರದು. ನಮ್ಮ ಪೆಟ್ಟಿಗೆಯಲ್ಲಿ ಸರಿಯಾಗಿರುವುದು ಹನ್ನೊಂದು. ಇಳಿಸಲು ಶುರು ಮಾಡಿದ್ದೇವೆ. ನಿಮ್ಮ ಅಟ್ಟದಲ್ಲಿ ಎಷ್ಟಿವೆ? ಈ ಮಳೆಗೆ ಮುಂಚೆ ಒಮ್ಮೆ ಹತ್ತಿ ನೋಡಿ.