ಎದೆನೋವಿಗೂ ಹಳ್ಳಿ-ಪೇಟೆ ಭೇದವೇ?



ಬೆಲೆ, ಸಾಲ ಬಿಟ್ಟು ಈ ಸಲ ಎದೆನೋವಿನ ಮಾತು ಎತ್ತಿದನಲ್ಲ ಅಂತ ಹುಬ್ಬೇರಿಸಬೇಡಿ. ಇದೂ ಕೊನೆಗೆ ಬಂದು ನಿಲ್ಲುವುದು ಸಾಲದ ಬಾಗಿಲಿಗೇ.

ಹೋದ ತಿಂಗಳು ಬೆಂಗಳೂರಿನ ಕುಕ್ ಟೌನಿಗೆ, ಅಳಿಯನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಪಾರ್ಕಿನಲ್ಲಿ ಎಪ್ಪತ್ತೆಂಟು ವರ್ಷದ ಯಜಮಾನರೊಬ್ಬರು ಬಿರುಸಾಗಿ ನಡೀತಿದ್ದರು. ಎದೆಯಲ್ಲಿ ಎರಡು ಸ್ಟೆಂಟ್ ಇವೆಯಂತೆ; ನೋವು ಬಂದ ಅರ್ಧ ಗಂಟೆಯೊಳಗೆ ಆಸ್ಪತ್ರೆ ಮಂಚದ ಮೇಲಿದ್ದರಂತೆ. ನನಗೆ ನಮ್ಮೂರಿನ ಐವತ್ತೊಂದು ವರ್ಷದ ರೈತ ನೆನಪಾದ. ನಡುರಾತ್ರಿ ಕರೆಂಟು ಬಂತೆಂದು ಮೋಟಾರ್ ಹಾಕಲು ಹೋದವನು ಎದೆ ಹಿಡಿದುಕೊಂಡು ಬಂದ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿದರು. ಬೆಳಗು ಕಾಣಲಿಲ್ಲ.

ಇದನ್ನು ಹಣೆಬರಹ ಅನ್ನಬೇಡಿ. ನಮ್ಮ ದೇಶದಲ್ಲಿ 1990ರಲ್ಲಿ ನೂರು ಸಾವಿನಲ್ಲಿ ಸುಮಾರು 15 ಹೃದಯ, ರಕ್ತನಾಳದ ಕಾಯಿಲೆಯಿಂದ ಆಗುತ್ತಿದ್ದವು. 2016ಕ್ಕೆ ಅದು 28 ಆಯಿತು. ಅಮೆರಿಕದಲ್ಲಿ 1968ರ ಸುಮಾರಿಗೆ ತುದಿ ಮುಟ್ಟಿದ್ದ ಹೃದ್ರೋಗದ ಸಾವಿನ ಪ್ರಮಾಣ ಆಮೇಲೆ ಅರ್ಧಕ್ಕಿಂತ ಕೆಳಗಿಳಿಯಿತು. ಅವರೇನು ಅಮೃತ ಕುಡಿಯಲಿಲ್ಲ. ಸಿಗರೇಟು ಕಡಿಮೆ ಮಾಡಿದರು, ಬಿ.ಪಿ. ಹತೋಟಿಗೆ ತಂದರು, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಮುಂದೆ ನಿಂತು ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಮಿಕ್ಕ ರೋಗಿಗಳ ಲೆಕ್ಕ ತೆಗೆದು 2008ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟುವ ಹೊತ್ತಿಗೆ 6 ಗಂಟೆ ಕಳೆದಿತ್ತು. ತಿಂಗಳೊಳಗೆ ಸತ್ತವರು ಸ್ಥಿತಿವಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಈ ಅಂತರಕ್ಕೆ ಕಾರಣ ಸಿಕ್ಕ ಚಿಕಿತ್ಸೆಯ ವ್ಯತ್ಯಾಸ ಅಂತ ಅವರೇ ಹೇಳಿದ್ದಾರೆ.

2025ರಲ್ಲಿ ಹಾಸನದ ಸಾವುಗಳ ಸುದ್ದಿ ಕೇಳಿ ಜನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ್ದು ನೆನಪಿದೆಯಲ್ಲ? ಸರ್ಕಾರದ ಸಮಿತಿ 24 ಸಾವು ಪರಿಶೀಲಿಸಿ, 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಅಸಹಜ ಏರಿಕೆ ಇಲ್ಲ ಅಂದಿತು. ಇರಬಹುದು. ಆಸ್ಪತ್ರೆಗೆ ಬಂದವರ ಲೆಕ್ಕ ಸಿಗುತ್ತದೆ. ಬದುವಿನ ಮೇಲೆ ಬಿದ್ದು ಸತ್ತವನ ಲೆಕ್ಕ ಯಾರ ಹತ್ತಿರ ಇದೆ? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಕಾಲುಭಾಗಕ್ಕೂ ಡಾಕ್ಟರು ಕಾರಣ ಬರೆದುಕೊಟ್ಟಿಲ್ಲ. ಲೆಕ್ಕಕ್ಕೆ ಬಾರದ ಸಾವಿಗೆ ಯಾವ ಸರ್ಕಾರ ದುಡ್ಡು ತೆಗೆದಿಡುತ್ತದೆ?

ಇನ್ನು ಬದುಕಿ ಉಳಿದವನ ಗತಿ. ಏಳೂವರೆ ಎಕರೆ ಖುಷ್ಕಿ ಮೀರಿದರೆ ಬಿ.ಪಿ.ಎಲ್. ಕಾರ್ಡಿಲ್ಲ. ಎ.ಪಿ.ಎಲ್. ಆದರೆ ಸರ್ಕಾರ ಕೊಡುವುದು ಚಿಕಿತ್ಸೆಯ ಪ್ಯಾಕೇಜಿನ ನೂರಕ್ಕೆ 30. ಮಳೆ ಕೈಕೊಟ್ಟ, ಟೊಮೇಟೊ ಬೀದಿಗೆ ಸುರಿದ ವರ್ಷವೂ ಪಹಣಿಯಲ್ಲಿ ನಾವು ಸಾಹುಕಾರರೇ! ಉಳಿದದ್ದಕ್ಕೆ ಒಡವೆ ಅಡವು, ಆಮೇಲೆ ಜಮೀನು. ಒಂದು ಎದೆನೋವಿಗೆ ಒಂದು ಎಕರೆ.

ಹಾಗಂತ ಕೈಕಟ್ಟಿ ಕೂರುವುದು ಬೇಡ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೇ ತೀರಿಕೊಂಡರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಅದು ರಾತ್ರಿ ಎರಡು ಗಂಟೆಗೂ ಸಿಗುತ್ತದೆಯೇ? ಹತ್ತು ಜನ ಕೂಡಿ ಹೋಗಿ ಕೇಳಿ. ಸಹಕಾರ ಸಂಘದಲ್ಲಿ ಯಶಸ್ವಿನಿ ಮಾಡಿಸಿ. ಬೀಡಿ ಬಿಡಿ, ಬಿ.ಪಿ. ನೋಡಿಸಿಕೊಳ್ಳಿ. ಎದೆ ಹಿಂಡಿ ಬೆವರಿದರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಸರ್ಕಾರಕ್ಕೆ ನಮ್ಮದು ಮೂರೇ ಮಾತು: ಹೋಬಳಿಗೊಂದು ಇ.ಸಿ.ಜಿ., ಪ್ರತಿ ಸಾವಿಗೂ ಕಾರಣದ ದಾಖಲೆ, ಬೆಳೆಗೆ ಸರಿಯಾದ ಬೆಲೆ. ಬೆಲೆ ಸಿಕ್ಕರೆ ಔಷಧಿ ನಾವೇ ಕೊಂಡುಕೊಳ್ಳುತ್ತೇವೆ. ಕುಕ್ ಟೌನಿನ ಯಜಮಾನರು ನೂರು ವರ್ಷ ಬಾಳಲಿ. ಅವರಿಗೆ ಸೊಪ್ಪು, ಹಾಲು ಕಳಿಸುವವನು ಐವತ್ತೊಂದಕ್ಕೇ ಹೋಗಬೇಕೇ?